ನಳದ ಕಟ್ಟೆಯ ಸಾಕ್ಷಿ

ಕುರ್ಲಾ, ಮುಂಬಯಿ
೨೧ ಜೂನ್ ೧೯೫೩

ಅಪ್ಪನವರ ಪಾದಕ್ಕೆ ಶರಣು.

ಶೆಟ್ಟೆಪ್ಪ ಮಾಮಾ ತಾವೇ ಸ್ಟೇಷನ್ನಿಗೆ ಬಂದಿದ್ದರು. ನೀವು ಕೊಟ್ಟ ಚೀಟಿ ಓದುವ ಮೊದಲೇ ನನ್ನ ಟ್ರಂಕನ್ನು ಹೆಗಲಿಗೆ ಏರಿಸಿದರು. "ನಮ್ಮ ಪೂಜಿಗೆ ಬರೋ ಅಯ್ನೋರ ಮಗಳು ಅಂದ್ರ ನಮ್ಮನಿ ಮಗಳು" ಎಂದರು. ಅವರದು ಸಾಲು ಮನೆಗಳ ಚಾಳದಲ್ಲಿ ಒಂದೇ ಕೋಣೆಯ ಖೋಲಿ. ನಡುವೆ ಸೀರೆಯ ಪರದೆ ಕಟ್ಟಿ ಒಂದು ಮೂಲೆಯನ್ನು ನನಗೆ ಬಿಟ್ಟಿದ್ದಾರೆ. ಮಾಮಾ ರೈಲ್ವೆ ಕಾರ್‌ಶೆಡ್ಡಿನಲ್ಲಿ ಫಿಟ್ಟರ್ ಆದ್ದರಿಂದ ಹಗಲೆಲ್ಲ ಮನೆಯಲ್ಲಿರುವುದಿಲ್ಲ. ಅವರ ಹೆಂಡತಿ ರಾಚವ್ವ ಬಂದ ದಿನವೇ ನನ್ನ ತಲೆಗೆ ಎಣ್ಣೆ ಹಚ್ಚಿದರು. ಅವರಿಗೆ ಮಕ್ಕಳಿಲ್ಲ.

ನನ್ನ ಕೆಲಸ ಏನೆಂದು ಊರಿನ ನಮ್ಮ ಮನೆಯಲ್ಲಿ ಅತ್ತೆ ಕೇಳುತ್ತಿದ್ದರು, ಹೊರಡುವ ಗಡಿಬಿಡಿಯಲ್ಲಿ ಸರಿಯಾಗಿ ಹೇಳಲಾಗಲಿಲ್ಲ. ಚಾಳದಲ್ಲಿ ನೆರೆಹೊರೆಯವರು ಒಬ್ಬರೊಡನೊಬ್ಬರು ದಿನವೂ ಹೇಗೆ ನಡೆದುಕೊಳ್ಳುತ್ತಾರೆ ಎಂಬುದನ್ನು ನೋಡಿ ಬರೆಯಬೇಕು. ಮಾನವಶಾಸ್ತ್ರ ಓದಿದವರು ಗುಡ್ಡಗಾಡಿಗೆ ಹೋಗಿ ತಲೆಬುರುಡೆ ಅಳೆಯುತ್ತಾರೆ ಎಂದು ನೀವು ನಗುತ್ತಿದ್ದಿರಿ. ನಮ್ಮ ಸಂಸ್ಥೆಯಲ್ಲಿ ನನಗೆ ಮಾರ್ಗದರ್ಶಕರಾಗಿರುವ ರಮಾನಾಥ ಸರ್ ಹೇಳುವುದೇ ಬೇರೆ. ಲೋಕಲ್ ರೈಲು ಹಿಡಿದರೆ ಮುಟ್ಟುವಷ್ಟು ಹತ್ತಿರದಲ್ಲಿ ಜನ ಹೇಗೆ ಬದುಕುತ್ತಾರೆಂದು ಯಾರೂ ಬರೆದಿಲ್ಲ, ಅದನ್ನು ಬರೆ ಎನ್ನುತ್ತಾರೆ.

ನಾನು ಆರಿಸಿಕೊಂಡದ್ದು ನಳದ ಕಟ್ಟೆ. ಇಡೀ ಮಹಡಿಗೆ ಒಂದೇ ನಳ, ನೀರು ಬರುವುದು ಬೆಳಿಗ್ಗೆ ಸ್ವಲ್ಪ ಹೊತ್ತು. ಮನೆಯೊಳಗೆ ಕೂತು ಪ್ರಶ್ನೆ ಕೇಳಿದರೆ ಹೆಂಗಸರು ತಾವು ಹೇಗಿರಬೇಕೋ ಅದನ್ನು ಹೇಳುತ್ತಾರೆ. ನಳದ ಹತ್ತಿರ ಹೇಗಿದ್ದಾರೋ ಹಾಗೆ ಇರುತ್ತಾರೆ, ಬೇರೆ ತರಹ ಇರಲು ಪುರಸೊತ್ತಿಲ್ಲ. "ನಮಗ ಜಾತಿ ಭೇದ ಇಲ್ಲವಾ" ಎಂದು ರಾಚವ್ವ ನಿನ್ನೆ ನನಗೆ ಹೇಳಿದರು. ಇವತ್ತು ಬೆಳಿಗ್ಗೆ ತಮ್ಮ ಸರದಿ ಬಂದಾಗ ನಳದ ಬಾಯಿಯನ್ನು ತೊಳೆದು ಆಮೇಲೆ ಕೊಡ ಹಿಡಿದರು. ಅವರ ಹಿಂದಿನವಳೂ ತೊಳೆದಳು. ಯಾರಿಗೂ ಬೇಸರವಾದಂತೆ ಕಾಣಲಿಲ್ಲ.

ನಿಮ್ಮ ಕೆಮ್ಮಿಗೆ ಕಷಾಯ ತಪ್ಪಿಸಬೇಡಿ.

ನಿಮ್ಮ ಮಗಳು
ಚಂದ್ರವ್ವ

*

ವಿಜಾಪುರ
೨ ಜುಲೈ ೧೯೫೩

ಚಿ. ಚಂದ್ರವ್ವಳಿಗೆ ಅಪ್ಪನ ಆಶೀರ್ವಾದ.

ನಿನ್ನ ಪತ್ರವನ್ನು ನಿನ್ನ ಅತ್ತೆಗೆ ಓದಿ ಹೇಳಿದೆ. "ನಳಾ ನಮ್ಮ ಓಣ್ಯಾಗೂ ಐತೆಲ್ಲ, ಅದಕ್ಕ ಮುಂಬೈತನಾ ಯಾಕ ಹೋಗಬೇಕಾಗಿತ್ತು?" ಎಂದು ಕೇಳಿದಳು. ಅಲ್ಲಿಯ ನಳಕ್ಕೆ ವಿದ್ಯಾರ್ಥಿವೇತನ ಕೊಡುತ್ತಾರೆ ಎಂದೆ.

ನನ್ನ ಮಟ್ಟಿಗೆ ಹೇಳುವುದಾದರೆ, ನೌಕರಿಯಷ್ಟೂ ಕಾಲ ನ್ಯಾಯಾಧೀಶರ ಕೆಳಗೆ ಬೆಂಚ್ ಕ್ಲಾರ್ಕಾಗಿ ಕುಳಿತು ಜನರಿಗೆ ಪ್ರಮಾಣ ಮಾಡಿಸಿದವನು ನಾನು. ಕೇಳಿದಾಗ ಜನ ಏನು ಹೇಳುತ್ತಾರೆ ಎಂಬುದು ಗೊತ್ತು. ಯಾರೂ ಕೇಳದಿದ್ದಾಗ ಏನು ಮಾಡುತ್ತಾರೆ ಎಂಬುದು ನಿನ್ನ ವಿದ್ಯೆ. ಅದರ ಬಗ್ಗೆ ಮಾತಾಡಲಾರೆ.

ಆದರೆ ಒಂದು ಮಾತು. ಅವರ ಮನೆಯಲ್ಲಿ ಇದ್ದೀಯ, ಅವರ ಅನ್ನ ಉಣ್ಣುತ್ತೀಯ. ಒಬ್ಬರ ಮನೆಯ ಮಾತು ಇನ್ನೊಬ್ಬರ ಮನೆಗೆ ಹೋಗಬಾರದು. ಶೆಟ್ಟೆಪ್ಪನ ಅಣ್ಣ ಇಲ್ಲಿ ಬಜಾರದಲ್ಲಿ ಸಿಕ್ಕಾಗಲೆಲ್ಲ ನಿನ್ನನ್ನು ಕೇಳುತ್ತಾನೆ. ಅವರ ತಮ್ಮಂದಿರಲ್ಲಿ ಕಡೆಯವನಿಗೂ ಮುಂಬಯಿಯಲ್ಲಿ ಕೆಲಸ ನೋಡುತ್ತಿದ್ದಾರಂತೆ.

ಬಾಗಲಕೋಟೆಯ ಗಂಡಿನ ಕಡೆಯವರು ಮತ್ತೆ ಹೇಳಿ ಕಳಿಸಿದ್ದರು. ಒಂದು ವರ್ಷ ತಡೆಯಿರಿ ಎಂದಿದ್ದೇನೆ. ನಿನ್ನ ಅಭಿಪ್ರಾಯ ತಿಳಿಸು.

ನಿನ್ನ ಅಪ್ಪ
ಚನ್ನಬಸಯ್ಯ

*

ಕುರ್ಲಾ
೧೪ ಸೆಪ್ಟೆಂಬರ್ ೧೯೫೩

ಅಪ್ಪನವರಿಗೆ ಶರಣು.

ಇಷ್ಟು ದಿನ ಬರೆಯದೆ ಇದ್ದದ್ದಕ್ಕೆ ಕಾರಣ ಜ್ವರ. ಆಗಲೇ ಬರೆದಿದ್ದರೆ ನೀವು ಹೊರಟು ಬರುತ್ತಿದ್ದಿರಿ. ಮಲೇರಿಯಾ ಎಂದರು ಡಾಕ್ಟರು. ಈಗ ಏನೂ ಇಲ್ಲ. ರಾಚವ್ವ ತಮಗೊಬ್ಬ ಮಗಳಿದ್ದಿದ್ದರೂ ಅವಳಿಗೆ ಅಷ್ಟು ಮಾಡುತ್ತಿರಲಿಲ್ಲ. ಹಣೆಗೆ ಒದ್ದೆ ಬಟ್ಟೆ, ಹೊತ್ತು ಹೊತ್ತಿಗೆ ಗಂಜಿ, ನಡುನಡುವೆ ಬೈಗಳು. "ಓದಿ ಓದಿ ಮೈಯಾಗಿನ ರಕ್ತ ನೀರಾಗೇತಿ ನಿಂದು. ನಾ ಏನ್ ಬರದ ಕೊಡಲಿ ನಿಮ್ಮಪ್ಪಗ?" ಎನ್ನುತ್ತಿದ್ದರು.

ಕೆಲಸ ನಡೆದಿದೆ. ಈಗ ನಾನು ಕಟ್ಟೆಯ ಮೇಲೆ ಕೂತರೆ ಹೆಂಗಸರು ತಿರುಗಿ ನೋಡುವುದೂ ಇಲ್ಲ. ರಮಾನಾಥ ಸರ್‌ಗೆ ಮೊದಲ ಭಾಗ ತೋರಿಸಿದೆ. ಕೊಡಗಳ ಬಗ್ಗೆ ಬರೆದದ್ದು ಅವರಿಗೆ ಹಿಡಿಸಿತು. ಇಲ್ಲಿ ಕೊಡವನ್ನು ಸಾಲಿನಲ್ಲಿ ಇಟ್ಟು ಹೋದರೆ ಹೆಂಗಸು ಅಲ್ಲಿ ನಿಂತಂತೆಯೇ. ಅವಳು ಬರುವುದು ತಡವಾದರೆ ಹಿಂದಿನವಳು ಆ ಕೊಡವನ್ನು ಪಕ್ಕಕ್ಕೆ ಸರಿಸಿ ತಾನು ತುಂಬಿಕೊಳ್ಳಬಹುದು, ಅದಕ್ಕೆ ಯಾರ ಆಕ್ಷೇಪಣೆಯೂ ಇಲ್ಲ. ಆದರೆ ಕೈಯಿಂದ ಸರಿಸಬೇಕು. ಕಾಲಿನಿಂದ ಸರಿಸಿದರೆ ಆ ಹೆಂಗಸನ್ನೇ ಕಾಲಿನಿಂದ ತಳ್ಳಿದ ಹಾಗೆ. ಈ ನಿಯಮವನ್ನು ಯಾರೂ ಯಾರಿಗೂ ಹೇಳಿಕೊಟ್ಟಿಲ್ಲ. ನಾನು ಕೇಳಿದಾಗ "ಅಂಥದ್ದೇನಿಲ್ಲ" ಎಂದವರೇ ಹೆಚ್ಚು.

ಮೂಲೆಯ ಖೋಲಿಯಲ್ಲಿ ವಾರಿಜಾ ಎಂಬವಳಿದ್ದಾಳೆ, ಉಡುಪಿ ಕಡೆಯವಳು. ಗಂಡ ದೂಜ ಸಾಂತಾಕ್ರೂಜ್‌ನ ಒಂದು ಹೋಟೆಲಿನಲ್ಲಿ ಅಡುಗೆಯವನು. ಮಲಗುವುದೂ ಹೋಟೆಲಿನಲ್ಲೇ, ರಜೆಯ ದಿನ ಮಾತ್ರ ಬರುತ್ತಾನೆ. ಇವಳೂ ಸಣ್ಣ ಮಗಳೂ ಇಬ್ಬರೇ. ಅವಳು ಯಾರೊಡನೆಯೂ ಹೆಚ್ಚು ಮಾತಾಡುವವಳಲ್ಲ. ಮೊನ್ನೆ ತಾನಾಗಿ ನನ್ನ ಹತ್ತಿರ ಬಂದು ನಿಂತಳು.

"ದಿನಾ ಇಲ್ಲಿ ಕೂತು ಎಂತ ಬರೀತೀರಿ?"

"ಯಾರು ಯಾರ ಹತ್ತಿರ ಮಾತಾಡ್ತಾರೆ, ಯಾರಿಗೆ ದಾರಿ ಬಿಡ್ತಾರೆ, ಅದನ್ನೆಲ್ಲ."

"ನನ್ನ ಹೆಸರು ಉಂಟಾ ಅದ್ರಲ್ಲಿ?"

"ಯಾರ ಹೆಸರೂ ಬರೆಯೋದಿಲ್ಲ."

"ಮತ್ತೆ ಬರ್ದು ಎಂತ ಪ್ರಯೋಜನ?" ಎಂದು ಕೊಡ ಎತ್ತಿಕೊಂಡು ಹೋದಳು.

ಮಾಮಾನ ಕಡೆಯ ತಮ್ಮನಿಗೆ ಕೆಲಸ ಸಿಕ್ಕಿದೆ. ಹೆಂಡತಿ ಮಕ್ಕಳೊಡನೆ ಬರುತ್ತಾನಂತೆ. ಇಲ್ಲಿ ಖೋಲಿ ಸಿಗುವುದು ಕೆಲಸ ಸಿಗುವುದಕ್ಕಿಂತ ಕಷ್ಟ. ಇದೇ ಚಾಳದಲ್ಲಿ ಯಾರಾದರೂ ಬಿಟ್ಟರೆ ಚಲೋ ಆಗುತ್ತಿತ್ತು ಎಂದು ಮಾಮಾ ದಿನವೂ ಅನ್ನುತ್ತಾರೆ.

ಚಂದ್ರವ್ವ

*

ಕುರ್ಲಾ
೧೨ ನವೆಂಬರ್ ೧೯೫೩

ಅಪ್ಪನವರಿಗೆ ಶರಣು.

ಇಲ್ಲಿ ಒಂದು ಪ್ರಸಂಗ ನಡೆದಿದೆ. ಬೇರೆಯವರಿಂದ ಕೇಳುವ ಮೊದಲು ನಾನೇ ಬರೆಯುವುದು ಒಳ್ಳೆಯದು.

ದೀಪಾವಳಿಯಾದ ಮೇಲೆ ನೀರು ಇನ್ನೂ ಸಣ್ಣಗೆ ಬರುತ್ತಿದೆ. ಸೋಮವಾರ ಬೆಳಿಗ್ಗೆ ವಾರಿಜಾ ತನ್ನ ಕೊಡ ಸಾಲಿನಲ್ಲಿಟ್ಟು ಮನೆಗೆ ಹೋದಳು. ಒಳಗೆ ಮಗು ಅಳುತ್ತಿತ್ತು, ನನಗೂ ಕೇಳಿಸಿತು. ಅವಳ ಸರದಿ ಬಂತು, ಅವಳು ಬರಲಿಲ್ಲ. ಹಿಂದೆ ಇದ್ದವರು ರಾಚವ್ವ. ಅವರ ಕಂಕುಳಲ್ಲಿ ಒಂದು ಕೊಡ, ಕೈಯಲ್ಲಿ ಇನ್ನೊಂದು. ವಾರಿಜಾಳ ಕೊಡವನ್ನು ಕಾಲಿನಿಂದ ಪಕ್ಕಕ್ಕೆ ದೂಡಿದರು. ಅಷ್ಟರಲ್ಲಿ ವಾರಿಜಾ ಬಾಗಿಲಿಗೆ ಬಂದಿದ್ದಳು.

"ಕಾಲಿಂದ ಯಾಕೆ ದೂಡಿದ್ದು? ಕೈ ಇಲ್ವಾ ನಿಮಗೆ?"

"ಕೊಡಾ ಇಟ್ಟು ಅಡ್ಡಾಡಾಕ ಹೋದ್ರ ನಾವು ದಾರಿ ಕಾಯಬೇಕೇನ?"

"ಮಗು ಅಳ್ತಾ ಇತ್ತು."

"ಮಕ್ಕಳು ಎಲ್ಲಾರಿಗೂ ಇರ್ತಾವು" ಎಂದು ಬಿಟ್ಟರು ರಾಚವ್ವ. ಆ ಮಾತು ಅವರ ಬಾಯಿಂದ ಬಂದದ್ದಕ್ಕೆ ಸಾಲಿನಲ್ಲಿದ್ದ ಎಲ್ಲರೂ ಅವರತ್ತ ತಿರುಗಿದರು. ವಾರಿಜಾ ಹೇಳಿದಳು, "ನಿಮಗೆಂತ ಗೊತ್ತು?"

ರಾಚವ್ವ ತಮ್ಮ ಕೊಡಗಳನ್ನು ಕೆಳಗಿಟ್ಟು, ವಾರಿಜಾಳ ಕೊಡವನ್ನು ಎತ್ತಿ ಸಾಲಿನ ಕೊನೆಗೆ ಒಯ್ಯಲು ಹೊರಟರು. ವಾರಿಜಾ ಅದರ ಕಂಠ ಹಿಡಿದಳು. ಇಬ್ಬರೂ ಎಳೆದರು. ವಾರಿಜಾ ಕೈ ಬಿಟ್ಟಳು. ರಾಚವ್ವ ಹಿಂದಕ್ಕೆ ಬಿದ್ದರು. ಪಾಚಿ ಹಿಡಿದ ಕಲ್ಲಿಗೆ ಕೈ ಊರಿದ್ದರಿಂದ ಮಣಿಕಟ್ಟು ಮುರಿಯಿತು. ಆಸ್ಪತ್ರೆಗೆ ನಾನೇ ಕರೆದುಕೊಂಡು ಹೋದೆ. ಪ್ಲಾಸ್ಟರ್ ಹಾಕಿದ್ದಾರೆ. ಮನೆಯಲ್ಲಿ ರೊಟ್ಟಿ ಈಗ ನಾನೇ ಬಡಿಯುತ್ತೇನೆ. ಅವು ಹೇಗಿರುತ್ತವೆ ಎಂದು ಮಾಮಾ ಹೇಳುವುದಿಲ್ಲ.

ಮಾಮಾ ಅದೇ ಸಂಜೆ ಪೊಲೀಸರಿಗೆ ದೂರು ಕೊಟ್ಟರು. ವಾರಿಜಾ ನೂಕಿ ಬೀಳಿಸಿದಳು ಎಂದು ಬರೆಸಿದ್ದಾರೆ. ಹವಾಲ್ದಾರ ಬಂದು ನೋಡಿದವರು ಯಾರೆಂದು ಕೇಳಿದಾಗ ಉಳಿದ ಹೆಂಗಸರು ಬಾಗಿಲು ಹಾಕಿಕೊಂಡರು. ಮಾಮಾ ನನ್ನ ಹೆಸರು ಬರೆಸಿದರು. "ನಮ್ಮನ್ಯಾಗ ಇರೋ ಹುಡುಗಿ, ಎಂ.ಎ. ಓದ್ಯಾಳ, ದಿನಾ ಅಲ್ಲೇ ಕುಂತಿರತಾಳ. ಎಲ್ಲಾ ನೋಡ್ಯಾಳ." ನಾನು ಆಗ ಆಸ್ಪತ್ರೆಯಿಂದ ಔಷಧಿ ತರಲು ಹೋಗಿದ್ದೆ.

ವಾರಿಜಾಳ ಮೇಲೆ ಕೋರ್ಟಿನಲ್ಲಿ ತಪ್ಪು ಸಾಬೀತಾದರೆ ಖೋಲಿ ಖಾಲಿ ಮಾಡಬೇಕು ಎಂದು ಚಾಳದ ಮಾಲೀಕನ ಬಾಡಿಗೆ ವಸೂಲಿಯ ಮುಕಾದಮ ಹೇಳಿ ಹೋಗಿದ್ದಾನೆ.

ಚಂದ್ರವ್ವ

*

ಕುರ್ಲಾ
೨೮ ನವೆಂಬರ್ ೧೯೫೩

ಪೂಜ್ಯ ಅಯ್ಯನವರಿಗೆ ಶೆಟ್ಟೆಪ್ಪನ ಸಾಷ್ಟಾಂಗ.

ಪತ್ರ ಬರಿಯೋ ರೂಢಿ ನನಗಿಲ್ಲ, ತಪ್ಪಿದ್ದರ ಹೊಟ್ಟ್ಯಾಗ ಹಾಕ್ಕೋಬೇಕು. ನಿಮ್ಮ ಮಗಳು ಆರಾಮ ಇದ್ದಾಳ. ನಮ್ಮ ಮನಿಯಾಕಿ ಕೈಯಿಂದ ಒಂದು ತಂಬಿಗಿ ಎತ್ತಾಕ ಬರೂದಿಲ್ಲ ಈಗ. ನಿಮ್ಮ ಮಗಳು ಅಡಗಿ ಮಾಡತಾಳ. ಆಕಿ ಮ್ಯಾಲ ನಮಗ ಯಾವ ಸಿಟ್ಟೂ ಇಲ್ಲ.

ಕೋರ್ಟಿನ ಕಾಗದ ಬಂದೈತಿ. ಅಯ್ಯನವರ ಹಂತ್ಯಾಕ ಕೇಳೋದು ಇಷ್ಟು. ನಿಮ್ಮ ಮಗಳು ಅಲ್ಲೇ ಇದ್ದಳು. ಆ ವಾರಿಜಾ ನೂಕಿದಳು ಅಂತ ಒಂದು ಮಾತು ಹೇಳಿದರ ಸಾಕು, ಹೆಚ್ಚಿಗಿ ಏನೂ ಬ್ಯಾಡ. ನಾನು ಹೇಳಿದರ ಆಕಿ ನೆಲಾ ನೋಡತಾಳ. ನೀವು ಹೇಳಿದರ ಕೇಳತಾಳ. ನನ್ನ ತಮ್ಮ ಸಣ್ಣ ಮಕ್ಕಳನ್ನ ಕಟ್ಟಿಕೊಂಡು ಬಂದಾನ, ಸದ್ಯಕ್ಕ ವಿಕ್ರೋಳಿ ಕಡೆ ತಗಡಿನ ಶೆಡ್ಡಿನ್ಯಾಗ ಅದಾನ. ಇದನ್ನ ನಿಮ್ಮ ಮುಂದ ಮುಚ್ಚಿಡೂದಿಲ್ಲ.

ನಿಮ್ಮವ
ಶೆಟ್ಟೆಪ್ಪ

*

ವಿಜಾಪುರ
೫ ಡಿಸೆಂಬರ್ ೧೯೫೩

ಚಿ. ಚಂದ್ರವ್ವಳಿಗೆ ಆಶೀರ್ವಾದ.

ಶೆಟ್ಟೆಪ್ಪ ಪತ್ರ ಬರೆದಿದ್ದಾನೆ. ಇದರ ಜೊತೆಗೆ ಇಟ್ಟಿದ್ದೇನೆ, ಓದು. ಅವನು ಮನಸ್ಸಿನಲ್ಲಿದ್ದದ್ದನ್ನೇ ಬರೆದಿದ್ದಾನೆ.

ಆ ಹೆಂಗಸು ನೂಕಿದಳೆಂದು ನೀನು ಹೇಳಬಾರದು. ಅದು ಆಗಲಿಲ್ಲವಲ್ಲ. ಕಾಣದ್ದನ್ನು ಕಂಡೆ ಎಂದವರನ್ನು ನಾನು ಬೇಕಾದಷ್ಟು ನೋಡಿದ್ದೇನೆ, ಅವರ ಸಾಲಿನಲ್ಲಿ ನೀನು ನಿಲ್ಲುವುದು ಬೇಡ. ನೂಕಲಿಲ್ಲ ಎಂದು ಹೇಳುವುದೂ ನನಗೆ ಸರಿ ತೋರುವುದಿಲ್ಲ. ಜ್ವರದಲ್ಲಿ ಮಲಗಿದಾಗ ನಿನ್ನ ತಲೆಯ ಹತ್ತಿರ ಕುಳಿತವಳು ರಾಚವ್ವ. ಸಾಕ್ಷಿಕಟ್ಟೆಯಲ್ಲಿ ಹೆಂಗಸರಿಗೆ ವಕೀಲರು ಎಂಥ ಪ್ರಶ್ನೆ ಹಾಕುತ್ತಾರೆ ಎಂಬುದು ನಿನಗೆ ಗೊತ್ತಿಲ್ಲ. ಬೇರೆ ಊರಿನಲ್ಲಿ ಒಬ್ಬಳೇ ಇರುವ ಮದುವೆಯಾಗದ ಹುಡುಗಿಗೆ ಅವು ಇನ್ನೂ ಬೇರೆ ರೀತಿ ಇರುತ್ತವೆ.

ಆದ್ದರಿಂದ ನೀನು ನೋಡಲಿಲ್ಲ ಎಂದು ಹೇಳು. ಬರೆಯುತ್ತ ತಲೆ ತಗ್ಗಿಸಿದ್ದೆ, ಸದ್ದಾದ ಮೇಲೆ ತಲೆ ಎತ್ತಿದೆ ಎನ್ನು. ಯಾರೂ ಅದನ್ನು ಸುಳ್ಳೆಂದು ತೋರಿಸಲಾರರು. ಯಾರಿಗೂ ಅದರಿಂದ ನೇರವಾಗಿ ಕೇಡಿಲ್ಲ. ನಿನ್ನ ಸಾಕ್ಷಿ ಇಲ್ಲದಿದ್ದರೆ ಕೇಸು ನಿಲ್ಲದೆಯೂ ಹೋಗಬಹುದು.

ಹೀಗೆ ಬರೆಯುತ್ತೇನೆಂದು ನನಗೇ ಅನಿಸಿರಲಿಲ್ಲ. ಬರೆದಿದ್ದೇನೆ.

ಚನ್ನಬಸಯ್ಯ

*

ಕುರ್ಲಾ
೧೬ ಡಿಸೆಂಬರ್ ೧೯೫೩

ಅಪ್ಪನವರಿಗೆ ಶರಣು.

ನಿಮ್ಮ ಪತ್ರ ಬಂದ ದಿನ ರಮಾನಾಥ ಸರ್ ಹತ್ತಿರವೂ ಹೋಗಿದ್ದೆ. ಅವರು ಹೇಳಿದ್ದೂ ಹೆಚ್ಚುಕಡಿಮೆ ಅದೇ. ಜನರ ನಡುವೆ ನ್ಯಾಯ ತೀರಿಸಲು ನಾವು ಅಲ್ಲಿಗೆ ಹೋಗಿಲ್ಲ, ಒಮ್ಮೆ ಕೋರ್ಟಿನಲ್ಲಿ ಬಾಯಿ ಬಿಟ್ಟರೆ ಆ ಚಾಳದಲ್ಲಿ ಇನ್ನು ಯಾರೂ ನಿನ್ನೆದುರು ಸಹಜವಾಗಿ ಇರುವುದಿಲ್ಲ, ಎರಡು ವರ್ಷಕ್ಕೆಂದು ಹಾಕಿಕೊಂಡ ಕೆಲಸ ಅರ್ಧಕ್ಕೆ ನಿಲ್ಲುತ್ತದೆ ಎಂದರು. ಅವರು ಹೆದರಿಸಲಿಲ್ಲ. ಇರುವುದನ್ನು ಹೇಳಿದರು.

ನಾನು ಹಲವು ದಿನ ಯೋಚಿಸಿದೆ. ನೋಡಲಿಲ್ಲ ಎಂದು ಹೇಳುವುದು ನನ್ನಿಂದ ಆಗುವುದಿಲ್ಲ ಅಪ್ಪ. ಬೇರೆ ಹೆಂಗಸರು ಅಲ್ಲಿಗೆ ನೀರಿಗೆ ಬಂದವರು. ಅವರು ನೋಡಲಿಲ್ಲ ಎನ್ನಬಹುದು, ಅವರ ಲಕ್ಷ್ಯ ಕೊಡದ ಮೇಲಿತ್ತು. ನಾನು ಅಲ್ಲಿ ಕೂತದ್ದೇ ನೋಡುವುದಕ್ಕೆ. ಅಷ್ಟು ತಿಂಗಳಿಂದ ಅವರ ಸಣ್ಣತನ, ಒಳ್ಳೆಯತನ, ಎಲ್ಲ ನೋಡಿ ಬರೆದುಕೊಂಡಿದ್ದೇನೆ. ಅದು ಅವರಲ್ಲಿ ಒಬ್ಬಳಿಗೆ ಬೇಕಾದ ಒಂದು ದಿನ ಕಣ್ಣು ಬೇರೆ ಕಡೆ ಇತ್ತು ಎಂದರೆ, ಉಳಿದ ದಿನ ನೋಡಿದ್ದಕ್ಕೆ ನನಗೇನು ಹಕ್ಕು?

ವಾರಿಜಾ ನನ್ನನ್ನು ಏನೂ ಕೇಳಿಲ್ಲ. ನಾನು ಕಟ್ಟೆಯ ಮೇಲಿದ್ದರೆ ನೀರಿಗೇ ಬರುವುದಿಲ್ಲ. ಎಲ್ಲರದೂ ಮುಗಿದ ಮೇಲೆ, ನಳ ನಿಲ್ಲುವ ಹೊತ್ತಿಗೆ ಬಂದು ಸಿಕ್ಕಷ್ಟು ತುಂಬಿಕೊಳ್ಳುತ್ತಾಳೆ.

ನಿನ್ನೆ ರಾತ್ರಿ ಮಾಮಾ ಊಟ ಮುಗಿಸಿ ಕೂತಾಗ ನಾನೇ ಹೇಳಿದೆ. ಕೋರ್ಟಿನಲ್ಲಿ ಮೊದಲ ಸಲ ಕೇಳುವುದು ಬೇಡವೆಂದು, ಹೇಳಬೇಕೆಂದಿರುವುದನ್ನೆಲ್ಲ ಅವರ ಮುಂದೆ ಹೇಳಿದೆ. ಅವರು ಎದ್ದರು. ಟೊಪ್ಪಿಗೆ ಹಾಕಿಕೊಂಡು ಹೊರಗೆ ಹೋದರು. ನಾನು ಟ್ರಂಕಿಗೆ ಬಟ್ಟೆ ತುಂಬತೊಡಗಿದೆ. ರಾಚವ್ವ ಗೋಡೆಗೆ ಒರಗಿ ಕೂತು ನೋಡುತ್ತಿದ್ದರು.

"ಎಲ್ಲಿಗೆ ಹೊಂಟಿ?"

"ಸಾಂತಾಕ್ರೂಜ್‌ಗೆ. ನನ್ನ ಗೆಳತಿ ವಿನೋದಿನಿ ಅಂತ, ಅವರ ಮನೆಗೆ. ಇನ್ನು ನಾನು ಇಲ್ಲಿ ಉಣ್ಣೋದು ಸರಿ ಅಲ್ಲ."

"ಸರಿ ಅಲ್ಲ ಖರೆ" ಎಂದರು. ಎದ್ದು ಬಂದು ಟ್ರಂಕಿನ ಮುಚ್ಚಳ ಹಾಕಿ, "ನಾಳೆ ಹೋಗು. ಇವತ್ತಿನ ರೊಟ್ಟಿ ನೀನೇ ಬಡದೀಯಲ್ಲ, ಉಂಡು ಹೋಗು" ಎಂದರು.

ವಿನೋದಿನಿಯ ವಿಳಾಸ ಕೆಳಗೆ ಕೊಟ್ಟಿದ್ದೇನೆ. ನಿಮ್ಮ ಮಾತು ಮೀರಿದ್ದೇನೆ, ಸಿಟ್ಟಾಗಿ ಸುಮ್ಮನಿರಬೇಡಿ. ಬೈದಾದರೂ ಬರೆಯಿರಿ.

ಚಂದ್ರವ್ವ

*

ಸಾಂತಾಕ್ರೂಜ್
೭ ಫೆಬ್ರವರಿ ೧೯೫೪

ಅಪ್ಪನವರಿಗೆ ಶರಣು.

ನಿಮ್ಮ ಪತ್ರ ಬರಬಹುದೆಂದು ಕಾದೆ. ಬಂದಿಲ್ಲ. ಸಾಕ್ಷಿ ಮುಗಿಯಿತು. ನಡೆದದ್ದನ್ನು ತಿಳಿಸುತ್ತೇನೆ.

ಪ್ರಮಾಣ ಮಾಡಿಸಿದ ಗುಮಾಸ್ತರು ನನ್ನ ಮುಖ ನೋಡಲಿಲ್ಲ. ಬೇಗ ಬೇಗ ಹೇಳಿಸಿದರು. ಪೊಲೀಸರ ವಕೀಲರಿಗೆ ನಾನು ತಮ್ಮ ಕಡೆಯವಳೆಂದೇ ನಂಬಿಕೆ. ನಗುತ್ತ ಮರಾಠಿಯಲ್ಲಿ ಕೇಳಿದರು, ಆರೋಪಿ ನೂಕಿದ್ದನ್ನು ನೀವು ನೋಡಿದಿರಲ್ಲವೇ?

ನೂಕಲಿಲ್ಲ, ಇಬ್ಬರೂ ಒಂದೇ ಕೊಡ ಹಿಡಿದು ಎಳೆಯುತ್ತಿದ್ದರು, ಈಕೆ ಕೈ ಬಿಟ್ಟಳು, ಅವರು ಬಿದ್ದರು ಎಂದೆ.

ಅವರ ನಗು ಹೋಯಿತು. ನಾನು ಯಾರ ಮನೆಯಲ್ಲಿ ಇದ್ದೆ, ಎಷ್ಟು ತಿಂಗಳು ಅಲ್ಲಿ ಉಂಡೆ ಎಂದು ಕೇಳಿದರು. ಹೇಳಿದೆ. ಉಂಡ ಮನೆಗೆ ಎದುರಾಗಿ ಹೇಳಲು ಆರೋಪಿಯ ಗಂಡನಿಂದ ಏನಾದರೂ ಸಿಕ್ಕಿದೆಯೇ, ಹೋಟೆಲಿನವನೊಡನೆ ಎಷ್ಟು ದಿನದ ಪರಿಚಯ ಎಂದರು. ಅವನೊಡನೆ ನಾನು ಎಂದೂ ಮಾತಾಡಿಲ್ಲ ಎಂದೆ. ನೀವು ಬರೆದದ್ದು ನೆನಪಾಯಿತು. ಪ್ರಶ್ನೆಗಳು ನೀವು ಹೇಳಿದ ಹಾಗೆಯೇ ಇದ್ದವು.

ಮ್ಯಾಜಿಸ್ಟ್ರೇಟರು ನಡುವೆ ಬಂದರು. "ನೀರು ತುಂಬದೆ ನಳದ ಹತ್ತಿರ ದಿನವೂ ಏನು ಮಾಡುತ್ತೀರಿ?"

"ನೋಡುತ್ತೇನೆ" ಎಂದೆ. ಕೋರ್ಟಿನಲ್ಲಿದ್ದವರೆಲ್ಲ ನಕ್ಕರು. ಅವರು ನಗಲಿಲ್ಲ. "ಹಾಗಾದರೆ ಹೇಳಿ, ಆಕೆ ಕೈ ಬಿಟ್ಟದ್ದು ಇವರು ಬೀಳಲಿ ಎಂದೋ?"

"ಕೈ ಬಿಟ್ಟದ್ದು ಕಂಡಿತು. ಯಾಕೆಂಬುದು ಕಾಣಲಿಲ್ಲ."

ಅಷ್ಟೇ. ಜಗಳ ಶುರುವಾದದ್ದು ಹೇಗೆಂದು ಯಾರೂ ಕೇಳಲಿಲ್ಲ. ಕೊಡವನ್ನು ಕಾಲಿನಿಂದ ದೂಡಿದ್ದು ಕೋರ್ಟಿನಲ್ಲಿ ಬರಲೇ ಇಲ್ಲ. ನಾನೂ ಹೇಳಲಿಲ್ಲ. ರಾಚವ್ವ ಎದುರಿಗೇ ಕೂತಿದ್ದರು, ಕೈ ಇನ್ನೂ ಕೊರಳಿಗೆ ಕಟ್ಟಿದ ಬಟ್ಟೆಯ ಜೋಳಿಗೆಯಲ್ಲಿತ್ತು.

ವಾರಿಜಾ ಖುಲಾಸೆಯಾದಳು. ಖೋಲಿ ಉಳಿಯಿತು. ಹೊರಗೆ ದೂಜ ನನಗೆ ಕೈಮುಗಿದ. ಅವಳು ಮುಗಿಯಲಿಲ್ಲ.

"ನಾನು ಕೈ ಬಿಟ್ಟೆ ಅಂತ ಯಾಕೆ ಹೇಳಿದ್ರಿ? ಹಿಡಿಯಲೇ ಇಲ್ಲ ಅಂತ ಹೇಳಿದ್ರೆ ನಿಮ್ಮ ಗಂಟು ಹೋಗ್ತಿತ್ತಾ?"

"ನೀವು ಹಿಡಿದಿದ್ದಿರಲ್ಲ" ಎಂದೆ.

"ಇನ್ನು ಆ ಚಾಳದಲ್ಲಿ ಇರುವಷ್ಟು ದಿನ ಎಲ್ಲರೂ ಅದನ್ನೇ ಹೇಳ್ತಾರೆ. ಬೇಕಂತಲೇ ಬಿಟ್ಟವಳು ಅಂತ." ಅವಳ ಕಣ್ಣಲ್ಲಿ ನೀರಿತ್ತು. ಗಂಡ ಕರೆದುಕೊಂಡು ಹೋದ.

ಮರುವಾರ ಮತ್ತೆ ಚಾಳಕ್ಕೆ ಹೋದೆ. ಕಟ್ಟೆಯ ಮೇಲೆ ಕೂತೆ. ಹೆಂಗಸರು ಶಾಲೆಯ ಮಕ್ಕಳ ಹಾಗೆ ಸಾಲಾಗಿ ನಿಂತು, ಒಬ್ಬರಾದ ಮೇಲೊಬ್ಬರು ತುಂಬಿಕೊಂಡು, ತುಟಿ ಬಿಚ್ಚದೆ ಹೋದರು. ಯಾರೂ ನಳದ ಬಾಯಿ ತೊಳೆಯಲಿಲ್ಲ. ಅಷ್ಟು ಶಿಸ್ತನ್ನು ಅಲ್ಲಿ ನಾನು ಎಂದೂ ನೋಡಿರಲಿಲ್ಲ. ಎದ್ದು ಬಂದೆ. ರಮಾನಾಥ ಸರ್‌ಗೆ ಹೇಳಿದಾಗ ಅವರು "ನಾನು ಹೇಳಿದ್ದೆ" ಎನ್ನಲಿಲ್ಲ, ಚಹಾ ತರಿಸಿದರು. ಆದರೆ ಕುರ್ಲಾದ ಕೆಲಸ ಅಲ್ಲಿಗೆ ಮುಗಿದಂತೆ.

ಚಂದ್ರವ್ವ

*

ವಿಜಾಪುರ
೧ ಮಾರ್ಚ್ ೧೯೫೪

ಚಿ. ಚಂದ್ರವ್ವಳಿಗೆ ಆಶೀರ್ವಾದ.

ನಾನು ಬರೆಯಲಿಲ್ಲ. ಸಿಟ್ಟು ಇತ್ತು ಎಂಬುದು ನಿಜ. ಅದು ಕಡಿಮೆಯಾದ ಮೇಲೂ ಏನು ಬರೆಯಬೇಕೆಂದು ತಿಳಿಯಲಿಲ್ಲ.

ಶೆಟ್ಟೆಪ್ಪನ ಅಣ್ಣ ಬಜಾರದಲ್ಲಿ ನನ್ನನ್ನು ಕಂಡರೆ ಈಗ ಅಂಗಡಿಯ ಒಳಗೆ ಹೋಗುತ್ತಾನೆ. ಅವರ ಮನೆಯ ಪೂಜೆಗೆ ಈ ಸಲ ಬೇರೆ ಅಯ್ಯನವರನ್ನು ಕರೆದರು. ಬಾಗಲಕೋಟೆಯವರು ಬೇರೆ ಕಡೆ ಗೊತ್ತು ಮಾಡಿಕೊಂಡಿದ್ದಾರೆ, ಕೋರ್ಟಿನ ಸುದ್ದಿ ಅವರಿಗೂ ಮುಟ್ಟಿದೆ. ನೀನು ಆ ವಿಷಯಕ್ಕೆ ಉತ್ತರವನ್ನೇ ಬರೆಯಲಿಲ್ಲ. ಅದನ್ನೇ ಉತ್ತರ ಎಂದು ನಾನು ಮೊದಲೇ ತಿಳಿಯಬೇಕಿತ್ತು. ಇವನ್ನೆಲ್ಲ ನಿನ್ನ ಮೇಲೆ ಹೊರಿಸಲು ಬರೆದದ್ದಲ್ಲ. ನಿನಗೆ ಗೊತ್ತಿರಲಿ ಎಂದು.

ನಿನ್ನ ಪತ್ರದಲ್ಲಿ ಒಂದು ಕಡೆ ನಾನು ನಿಂತೆ. ಸಂಪೂರ್ಣ ಸತ್ಯವನ್ನು ಹೇಳುತ್ತೇನೆ ಎಂಬುದೂ ಪ್ರಮಾಣದಲ್ಲಿ ಇದೆ. ಎಷ್ಟೋ ಜನರ ಬಾಯಲ್ಲಿ ನಾನು ಅದನ್ನು ಹೇಳಿಸಿದ್ದೇನೆ. ಕಾಲಿನ ವಿಷಯ ನೀನು ಬಿಟ್ಟೆ. ಕೇಳದ್ದನ್ನು ಹೇಳಬೇಕಾದದ್ದು ಸಾಕ್ಷಿಯ ಕೆಲಸವಲ್ಲ, ಕಾಯಿದೆಯಂತೆ ನೀನು ಸರಿ. ಆದರೆ ಕಾಯಿದೆ ನೋಡಿ ನೀನು ಬಿಟ್ಟದ್ದಲ್ಲ, ರಾಚವ್ವನ ಮುಖ ನೋಡಿ ಬಿಟ್ಟದ್ದು ಎಂದು ನನಗೆ ಅನಿಸಿತು. ಆ ಸಾಲು ಓದಿ ನನಗೆ ಸಮಾಧಾನವಾಯಿತು. ಯಾಕೆಂದು ಕೇಳಬೇಡ.

ನಿನ್ನ ಅತ್ತೆ ದಿನವೂ ಕೇಳುತ್ತಾಳೆ, ಆ ರಾಚವ್ವನ ಕೈ ಕೂಡಿತೋ ಇಲ್ಲವೋ ಎಂದು. ತಿಳಿದರೆ ಬರೆ. ಮುಂದೆ ಏನು ಮಾಡುತ್ತೀಯ? ಊರಿಗೆ ಬಾ ಎಂದು ನಾನು ಹೇಳುವುದಿಲ್ಲ. ಬಂದರೆ ಬೇಡ ಎನ್ನುವುದೂ ಇಲ್ಲ.

ನಿನ್ನ ಅಪ್ಪ
ಚನ್ನಬಸಯ್ಯ

*

ವಿಕ್ರೋಳಿ
೩ ಜೂನ್ ೧೯೫೪

ಅಪ್ಪನವರ ಪಾದಕ್ಕೆ ಶರಣು.

ಅತ್ತೆಗೆ ಹೇಳಿ, ಕೈ ಕೂಡಿದೆ. ಸ್ವಲ್ಪ ಸೊಟ್ಟಗಿದೆ, ಆದರೆ ರೊಟ್ಟಿ ಬಡಿಯಲು ತೊಂದರೆಯಿಲ್ಲ. ನನಗೆ ಗೊತ್ತಾದದ್ದು ಹೀಗೆ. ಕಳೆದ ತಿಂಗಳು ರಾಚವ್ವ ಒಬ್ಬರೇ ಲೋಕಲ್ ಬದಲಿಸಿಕೊಂಡು ಸಾಂತಾಕ್ರೂಜ್‌ಗೆ ಬಂದರು. ದಾರಿ ಕೇಳಿ ಕೇಳಿ ಮನೆ ಹುಡುಕಿದ್ದರು. ವಿನೋದಿನಿಯ ತಾಯಿ ಕುರ್ಚಿ ಕೊಟ್ಟರೆ ಕೂರಲಿಲ್ಲ, ನೆಲದ ಮೇಲೆ ಕೂತರು.

"ಅವರು ಕಳಿಸಿಲ್ಲ. ನಾನಾಗೇ ಬಂದೀನಿ" ಎಂದರು. "ಕಾಲಿನ ಮಾತು ಯಾಕ ಹೇಳಲಿಲ್ಲ ನೀ?"

"ಯಾರೂ ಕೇಳಲಿಲ್ಲ."

"ಕೇಳಿದ್ದರ?"

"ಹೇಳುತ್ತಿದ್ದೆ."

ಅವರು ಸೆರಗಿನ ತುದಿ ಮಡಚುತ್ತ ಕೂತರು. "ಹೇಳಬೇಕಾಗತಿತ್ತು ಬಿಡು. ಖರೇನ ಆಗಿತ್ತಲ್ಲ" ಎಂದರು. ಆಮೇಲೆ ಬೇರೆ ಮಾತು. ಮೈದುನನಿಗೆ ಇನ್ನೂ ಖೋಲಿ ಸಿಕ್ಕಿಲ್ಲ. ಮಾಮಾ ಮನೆಯಲ್ಲಿ ನನ್ನ ಹೆಸರು ಎತ್ತುವುದಿಲ್ಲ, ಆದರೆ ಪರದೆಯ ಸೀರೆಯನ್ನೂ ಬಿಚ್ಚಿಲ್ಲ. ವಾರಿಜಾ ಮತ್ತು ತಾನು ಈಗಲೂ ಮಾತಾಡುವುದಿಲ್ಲ ಎಂದರು. ಉಂಡು ಹೋಗಿ ಎಂದೆ. ಚಹಾ ಮಾತ್ರ ಕುಡಿದರು. ಸ್ಟೇಷನ್ನಿನ ತನಕ ಬಿಟ್ಟು ಬಂದೆ.

ಈಗ ನನ್ನ ಕೆಲಸದ ಸುದ್ದಿ. ವಿಕ್ರೋಳಿಯಲ್ಲಿ ಒಂದು ಕಾರಖಾನೆಯವರು ಕೆಲಸಗಾರರಿಗೆ ಹೊಸ ಕ್ವಾರ್ಟರ್ಸ್ ಕಟ್ಟಿದ್ದಾರೆ. ಪ್ರತಿ ಮನೆಯೊಳಗೂ ನಳವಿದೆ, ಬಾಗಿಲಿಗೆ ಚಿಲಕವಿದೆ. ಇಷ್ಟಿದ್ದೂ ಹೆಂಗಸರು ಚಾಳವೇ ಚೆನ್ನಾಗಿತ್ತು ಎನ್ನುತ್ತಾರಂತೆ, ಯಾಕೆಂದು ಕಾರಖಾನೆಗೆ ತಿಳಿಯಬೇಕಾಗಿದೆ. ರಮಾನಾಥ ಸರ್ ನನ್ನ ಹೆಸರು ಹೇಳಿದರು. ಯಾರ ಹೆಸರನ್ನೂ ಕಾರಖಾನೆಗೆ ಕೊಡುವುದಿಲ್ಲ ಎಂಬ ಕರಾರು ಹಾಕಿ ಒಪ್ಪಿಕೊಂಡೆ. ಸರ್ ಹೊರಡುವಾಗ ಹೇಳಿದರು, "ಈ ಸಲ ಸುಮ್ಮನೆ ಹೋಗಿ ಕೂರಬೇಡ. ನೀನು ಎಂಥವಳು ಅಂತ ಅವರಿಗೆ ಮೊದಲೇ ತಿಳಿಯಲಿ." ಅವರು ಹಾಸ್ಯಕ್ಕೆ ಅಂದರೋ ಏನೋ. ನಾನು ಹಾಗೆಯೇ ಮಾಡಿದೆ.

ಇವತ್ತು ಮೊದಲ ದಿನ. ಬೆಳಗಿನಿಂದ ಮನೆ ಮನೆಗೆ ಹೋಗಿ ಹೇಳಿದೆ. ನೀವು ದಿನವೂ ಹೇಗಿರುತ್ತೀರಿ ಎಂದು ನೋಡಲು ಬಂದಿದ್ದೇನೆ, ಹೆಸರು ಬರೆಯುವುದಿಲ್ಲ, ಮನೆಯ ಮಾತನ್ನು ಆಚೆ ಹೇಳುವುದಿಲ್ಲ. ಆದರೆ ಏನಾದರೂ ಆಗಿ, ಕೋರ್ಟಿನಲ್ಲಿ ನಿಲ್ಲಿಸಿ ಕೇಳಿದರೆ, ನೋಡಿದ್ದನ್ನು ನೋಡಿಲ್ಲ ಎನ್ನಲಾರೆ. ಒಮ್ಮೆ ಹಾಗೆ ಹೇಳಿಯೂ ಇದ್ದೇನೆ. ಇದು ಗೊತ್ತಿದ್ದು ಒಳಗೆ ಬಿಡುವುದಾದರೆ ಬಿಡಿ.

ಬಹಳ ಮನೆಗಳಲ್ಲಿ ನಗುತ್ತಲೇ ಬಾಗಿಲು ಮುಚ್ಚಿದರು. ಹಾಗೆಯೇ ಆಗುತ್ತದೆ ಎಂದು ನನಗೂ ಅನಿಸಿತ್ತು. ಮಧ್ಯಾಹ್ನ ಕಡೆಯ ಸಾಲಿನಲ್ಲಿ ಸೇವಂತಿ ಎಂಬವಳ ಬಾಗಿಲು ತಟ್ಟಿದೆ. ಮಂಗಳೂರಿನ ಕಡೆಯವಳು, ನನ್ನದೇ ವಯಸ್ಸು. ತಲೆಯ ಮೇಲೆ ಸೆರಗು ಹೊದ್ದು, ಕೆನ್ನೆ ಮುಚ್ಚುವ ಹಾಗೆ ಒಂದು ಕೈಯಲ್ಲಿ ಹಿಡಿದುಕೊಂಡಿದ್ದಳು. ನಾನು ಹೇಳಿದ್ದನ್ನೆಲ್ಲ ಹೊಸ್ತಿಲಲ್ಲೇ ನಿಂತು ಕೇಳಿದಳು. ಕೋರ್ಟಿನ ಮಾತು ಬಂದಾಗ ಇನ್ನೊಮ್ಮೆ ಹೇಳಿ ಎಂದಳು. ಹೇಳಿದೆ.

"ನೋಡಿದ್ರೆ ಹೇಳ್ತೀರಿ?"

"ಕೇಳಿದರೆ ಹೇಳಬೇಕಾಗ್ತದೆ."

"ಚಾಳದಲ್ಲಾದರೆ ಗೋಡೆ ಆಚೆ ಜನ ಇದ್ದರು. ಇಲ್ಲಿ ಬಾಗಿಲು ಹಾಕಿದರೆ ಯಾರಿಗೂ ಎಂತದೂ ಕೇಳುವುದಿಲ್ಲ" ಎಂದಳು. ಒಳಗೆ ಹೋಗಿ ಒಂದು ಚಾಪೆ ತಂದು ಬಾಗಿಲ ಪಕ್ಕದಲ್ಲಿ ಹಾಸಿದಳು. ಬಗ್ಗಿದಾಗ ಸೆರಗು ಸರಿದು ಕೆನ್ನೆಯ ಬಾವು ಕಂಡಿತು. "ಈಗ ಬೇಡ. ಸಂಜೆ ಬನ್ನಿ. ನಮ್ಮವರು ಡ್ಯೂಟಿ ಬಿಟ್ಟು ಬರುವಾಗ ನೀವು ಇಲ್ಲಿ ಕೂತಿರಬೇಕು."

ಈಗ ಕಾರಖಾನೆಯ ಡ್ಯೂಟಿ ಬಿಡುವ ಭೋಂಗಾ ಕೂಗಿತು ಅಪ್ಪ. ಹೊರಡುತ್ತೇನೆ.

ನಿಮ್ಮ ಮಗಳು
ಚಂದ್ರವ್ವ